ಏವ್‌ಬರಿ: ಕಲ್ಲಿನ ಸುತ್ತು, ಚರ್ಚು, ಪಬ್ಬು – ಹಿರಿಯರನ್ನು ಕರೆದುಕೊಂಡು ಒಂದು ದಿನದಲ್ಲಿ ಆಗುತ್ತದೆಯೆ?

ತುಂಗಾತೀರ

ರೀಡಿಂಗ್‌ನಿಂದ ವಿಲ್ಟ್‌ಶರ್‌ನ ಏವ್‌ಬರಿಗೆ (ಇಂಗ್ಲೆಂಡಿನ ಪುರಾತನ ಕಲ್ಲಿನ ಸುತ್ತಿರುವ ಹಳ್ಳಿ) ಕಾರಿನಲ್ಲಿ ಒಂದು ದಿನದ ಮಟ್ಟಿಗೆ ಹೋಗಿಬರಬೇಕು. ಊರಿಂದ ಬಂದಿರುವ ಅಪ್ಪ, ಅಮ್ಮ ಜೊತೆಗಿರುತ್ತಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಅಮ್ಮನಿಗೆ ಮಂಡಿನೋವು, ಸಮತಟ್ಟಾದ ಕಡೆ ಒಂದು ಕಿ.ಮೀ. ನಡೆಯುತ್ತಾರೆ, ಏರು ಆಗುವುದಿಲ್ಲ. ತಿಳಿದವರು ದಯವಿಟ್ಟು ಹೇಳಿ:

ಯಾವ ಕ್ರಮದಲ್ಲಿ ನೋಡಬೇಕು? ಸಿಲ್ಬರಿ ಗುಡ್ಡ ಹತ್ತಬಹುದೆ? ಊರಿನ ಚರ್ಚು ಹೊರಗಿನವರಿಗೆ ತೆರೆದಿರುತ್ತದೆಯೆ, ಒಳಗೆ ನೋಡುವಂಥದ್ದು ಏನಿದೆ? ರೆಡ್ ಲಯನ್ ಪಬ್ಬಿನಲ್ಲಿ ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳಿಗೆ ಏನಾದರೂ ಸಿಗುತ್ತದೆಯೆ? ಕೊನೆಯದಾಗಿ, ಅಪ್ಪ "ಬರೀ ಕಲ್ಲು ನೋಡೋಕೆ ಅಷ್ಟು ದೂರ ಯಾಕೆ" ಅನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಕೆಂಪುಮಣ್ಣು

ದಾರಿಯದ್ದು ಮೊದಲು. ಎಂ4ನಲ್ಲಿ ಸ್ವಿಂಡನ್‌ವರೆಗೆ ಹೋಗಬೇಡಿ. 14ನೇ ಜಂಕ್ಷನ್‌ನಲ್ಲಿ ಇಳಿದು, ಹಂಗರ್‌ಫರ್ಡ್ ಹತ್ತಿರ ಎ4 ಸೇರಿ ಮಾರ್ಲ್‌ಬರೊ ಮೇಲೆ ಬನ್ನಿ. ಮಾರ್ಲ್‌ಬರೊ ದಾಟಿದರೆ ನೋಡಬೇಕಾದದ್ದೆಲ್ಲ ಒಂದೇ ರಸ್ತೆಯ ಮೇಲೆ ಸಾಲಾಗಿ ಬರುತ್ತದೆ. ಮೊದಲು ಓವರ್ಟನ್ ಗುಡ್ಡದ ಮೇಲೆ 'ಸ್ಯಾಂಕ್ಚುರಿ' (ಹಿಂದೆ ಕಂಬ, ಕಲ್ಲುಗಳ ಸುತ್ತು ಇದ್ದ ಜಾಗ), ಆಮೇಲೆ ಎಡಕ್ಕೆ ದೂರದಲ್ಲಿ ವೆಸ್ಟ್ ಕೆನ್ನೆಟ್‌ನ ಉದ್ದ ಸಮಾಧಿದಿಣ್ಣೆ, ಬಲಕ್ಕೆ ರಸ್ತೆಗೆ ಅಂಟಿಕೊಂಡೇ ಸಿಲ್ಬರಿ. ಮುಂದೆ ಬೆಕ್‌ಹ್ಯಾಂಪ್ಟನ್ ವೃತ್ತದಲ್ಲಿ ಬಲಕ್ಕೆ ತಿರುಗಿ ಎ4361 ಹಿಡಿದರೆ ಊರು ಬಂತು. ನಕ್ಷೆ ಬೇಕಿದ್ದರೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 157.

ಸಿಲ್ಬರಿ ಹತ್ತುವ ಹಾಗಿಲ್ಲ, ಯಾರೂ. ಬೇಲಿ ದಾಟಿ ಹತ್ತುವವರು ಆಗಾಗ ಕಾಣುತ್ತಾರೆ, ಅವರನ್ನು ನೋಡಿ ಬಾಗಿಲು ತೆರೆದಿದೆ ಅಂದುಕೊಳ್ಳಬೇಡಿ. 30 ಮೀಟರ್ ಎತ್ತರದ, ಕೈಯಿಂದಲೇ ಕಟ್ಟಿದ ಸೀಮೆಸುಣ್ಣದ ಗುಡ್ಡ ಅದು. ವಯಸ್ಸು ಸುಮಾರು 4,400 ವರ್ಷ. ನಿಧಿಯ ಆಸೆಗೋ ರಾಜನ ಹೆಣದ ಆಸೆಗೋ 1776ರಲ್ಲಿ ನೆತ್ತಿಯಿಂದ ಬಾವಿಯ ಹಾಗೆ ಕೊರೆದರು, 1849ರಲ್ಲಿ ಪಕ್ಕದಿಂದ ಸುರಂಗ, 1968ರಲ್ಲಿ ಬಿಬಿಸಿ ಕ್ಯಾಮೆರಾ ಮುಂದೆ ಇನ್ನೊಂದು ಸುರಂಗ. ಹೆಣವೂ ಇಲ್ಲ, ನಿಧಿಯೂ ಇಲ್ಲ. ಕೊರೆದದ್ದನ್ನು ಸರಿಯಾಗಿ ತುಂಬಿರಲಿಲ್ಲವಾಗಿ 2000ದಲ್ಲಿ ನೆತ್ತಿಯೇ ಕುಸಿದು ಗುಂಡಿ ಬಿತ್ತು. 2007–08ರಲ್ಲಿ ಒಳಗಿನ ಟೊಳ್ಳನ್ನೆಲ್ಲ ಸೀಮೆಸುಣ್ಣದಿಂದಲೇ ತುಂಬಿ ಮುಚ್ಚಿದರು. ಮೇಲಿನ ಹುಲ್ಲೂ ಕಾನೂನಿನ ರಕ್ಷಣೆಯಲ್ಲಿದೆ. ಗುಡ್ಡದ ಪಶ್ಚಿಮಕ್ಕೆ ಎ4 ಪಕ್ಕದಲ್ಲೇ ಗಾಡಿ ನಿಲ್ಲಿಸಿ ನೋಡುವ ಜಾಗವಿದೆ, ಅಮ್ಮ ಕಾರಿನಿಂದ ಇಳಿದು ಹತ್ತು ಹೆಜ್ಜೆ ಇಟ್ಟರೂ ಸಾಕು. ಚಳಿಗಾಲ ಮುಗಿಯುವ ಹೊತ್ತಿಗೆ ಅಂತರ್ಜಲ ಮೇಲೇರಿ ಬುಡದ ಸುತ್ತ ನೀರು ನಿಂತಿರುತ್ತದೆ. ಆಗ ಗುಡ್ಡದ ನೆರಳು ನೀರಿನಲ್ಲಿ ಬೀಳುವುದನ್ನು ನೋಡಬೇಕು.

ಸಮಾಧಿದಿಣ್ಣೆ ಅಮ್ಮನಿಗೆ ಬೇಡ. ಎ4 ಪಕ್ಕದ ಲೇಬೈಯಲ್ಲಿ (ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸುವ ಜಾಗ) ಕಾರು ಬಿಟ್ಟು ಹೊಳೆಯ ಸೇತುವೆ ದಾಟಿ 800 ಮೀಟರ್ ಏರಬೇಕು. ಮಳೆ ಬಂದರೆ ಆ ಮಣ್ಣು ಸಾಬೂನು ಸವರಿದ ಹಾಗೆ ಜಾರುತ್ತದೆ. ಅಂಥ ಲೇಬೈಗಳಲ್ಲಿ ಕಾರಿನ ಸೀಟಿನ ಮೇಲೆ ಚೀಲ ಬಿಟ್ಟು ಹೋಗಬೇಡಿ.

ಊರಿನಲ್ಲಿ: ಪಾರಂಪರಿಕ ತಾಣಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ನ ಪಾರ್ಕಿಂಗ್ ಊರಿನ ದಕ್ಷಿಣಕ್ಕೆ ಎ4361ರ ಮೇಲಿದೆ. ಸದಸ್ಯರಲ್ಲದವರು ದುಡ್ಡು ಕೊಡಬೇಕು. ಕಲ್ಲುಗಳನ್ನು ನೋಡುವುದಕ್ಕೆ ಮಾತ್ರ ಟಿಕೆಟ್ ಇಲ್ಲ. ಅಲ್ಲಿಂದ ಊರಿಗೆ ಕಾಲುದಾರಿ, ನಿಧಾನಕ್ಕೆ ಹತ್ತು ನಿಮಿಷ. ಶೌಚಾಲಯ, ಕೆಫೆ, ಮ್ಯೂಸಿಯಂ ಮೂರೂ ಹಳೇ ಕೊಟ್ಟಿಗೆ–ಕಣದ ಅಂಗಳದಲ್ಲಿ ಒಟ್ಟಿಗಿವೆ. ಅದನ್ನೇ ನಿಮ್ಮ ನೆಲೆ ಮಾಡಿಕೊಳ್ಳಿ. ಜೂನ್ 21ರ ಆಸುಪಾಸು ಮಾತ್ರ ಹೋಗಬೇಡಿ, ಹಿರಿಯರಿದ್ದರಂತೂ ಬೇಡವೇ ಬೇಡ. ಅಯನ ಸಂಕ್ರಾಂತಿಯ ಜನಜಂಗುಳಿಗೆ ಪಾರ್ಕಿಂಗ್ ಕಟ್ಟುಪಾಡೇ ಬದಲಾಗುತ್ತದೆ.

ಹಳೇಗಲ್ಲು

ಅಪ್ಪನಿಗೆ ಹೇಳುವುದಕ್ಕೆ ಒಂದು ಮಾತು: ಇದು ಊರಿನೊಳಗೆ ಇರುವ ಕಲ್ಲಲ್ಲ, ಕಲ್ಲಿನೊಳಗೆ ಇರುವ ಊರು. 330 ಮೀಟರ್ ಅಗಲದ ಸುತ್ತಿನೊಳಗೆ ರಸ್ತೆ, ಮನೆ, ಪಬ್ಬು, ಕುರಿ ಎಲ್ಲ ಬಂದುಬಿಟ್ಟಿವೆ. ಸ್ಟೋನ್‌ಹೆಂಜ್‌ನಲ್ಲಿ ಹಗ್ಗದಾಚೆ ನಿಂತು ನೋಡಬೇಕು. ಇಲ್ಲಿ ಮುಟ್ಟಬಹುದು, ನೆರಳಲ್ಲಿ ಕೂರಬಹುದು.

ಹೊರಗಿನ ಸುತ್ತಿನಲ್ಲಿ ಮೊದಲು ಸುಮಾರು 100 ಕಲ್ಲು ಇದ್ದವು. ಸುತ್ತಲಿನ ಕಂದಕ ಈಗ ಕಾಣುವುದರ ಎರಡರಷ್ಟು ಆಳ, 9 ಮೀಟರ್ ಇತ್ತು. ಜಿಂಕೆಕೊಂಬಿನ ಗುದ್ದಲಿಯಿಂದ ಅಗೆದದ್ದು. ಕಲ್ಲಿನ ಹೆಸರು ಸಾರ್ಸನ್. ಗ್ರಾನೈಟ್ ಅಲ್ಲ, ಮರಳಿಗೆ ಸಿಲಿಕಾ ಸೇರಿ ಗಟ್ಟಿಯಾದದ್ದು, ಪಕ್ಕದ ಮಾರ್ಲ್‌ಬರೊ ಗುಡ್ಡಗಳ ಮೇಲೆ ಹಾಗೆಯೇ ಬಿದ್ದಿದ್ದವು. ಮೈಮೇಲಿನ ತೂತುಗಳು ಉಳಿಯಿಂದ ಕೊರೆದದ್ದಲ್ಲ, ಕಲ್ಲು ಗಟ್ಟಿಯಾಗುವ ಮೊದಲು ಮರದ ಬೇರು ಹೊಕ್ಕ ಜಾಗ.

ಇಷ್ಟು ಕಲ್ಲು ಎಲ್ಲಿ ಹೋದವು? ಇದೇ ಇಲ್ಲಿನ ನಿಜವಾದ ಕಥೆ, ಎರಡು ಕಂತಿನಲ್ಲಿ ನಡೆದದ್ದು. 14ನೇ ಶತಮಾನದ ಸುಮಾರಿಗೆ ಊರವರು ಕಲ್ಲಿನ ಬುಡದಲ್ಲಿ ಗುಂಡಿ ತೋಡಿ, ಅದರೊಳಕ್ಕೆ ಕೆಡವಿ ಮಣ್ಣು ಮುಚ್ಚಿದರು. ಒಡೆಯಲಿಲ್ಲ. ಹಾಗಾಗಿಯೇ ಅವು ಉಳಿದವು. 17ನೇ ಶತಮಾನದ ಕೊನೆಗೆ, 18ನೇ ಶತಮಾನದ ಮೊದಲಿಗೆ ಒಡೆಯುವ ಕೆಲಸ ಶುರುವಾಯಿತು. ಗುಂಡಿಯಲ್ಲಿ ಹುಲ್ಲು ತುಂಬಿ, ಕಲ್ಲನ್ನು ಅದರ ಮೇಲೆ ಉರುಳಿಸಿ ಬೆಂಕಿ ಕೊಡುವುದು. ಕಲ್ಲು ಚೆನ್ನಾಗಿ ಕಾದ ಮೇಲೆ ಎಲ್ಲಿ ಸೀಳಬೇಕೋ ಆ ಗೆರೆಯ ಉದ್ದಕ್ಕೂ ತಣ್ಣೀರು ಹೊಯ್ಯುವುದು. ಕೂಡಲೇ ಸುತ್ತಿಗೆಯಿಂದ ಹೊಡೆಯುವುದು. ಬೆಂಗಳೂರು ಸುತ್ತಿನ ಬಂಡೆಗಳಲ್ಲಿ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದದ್ದು ಗೊತ್ತಿರುವವರಿಗೆ ಇದರ ಅರ್ಧ ಗುಟ್ಟು ಆಗಲೇ ಗೊತ್ತು. ವ್ಯತ್ಯಾಸ ಏನೆಂದರೆ, ನಮ್ಮಲ್ಲಿ ಬೆಂಕಿಯನ್ನು ಬಂಡೆಯ ಮೇಲೆ ಮೆಲ್ಲಗೆ ಸರಿಸುತ್ತಾ ಹೋಗಿ ಹಾಳೆಯ ಹಾಗೆ ಬಿಡಿಸುತ್ತಾರೆ, ನೀರು ಹೊಯ್ಯುವುದಿಲ್ಲ; ಇಲ್ಲಿ ಬೇಕಾದದ್ದು ತುಂಡು, ಚಪ್ಪಡಿಯಲ್ಲ. 1720ರ ದಶಕದಲ್ಲಿ ವಿಲಿಯಂ ಸ್ಟಕ್ಲಿ ಎಂಬ ಪುರಾತನ ವಸ್ತುಗಳ ವಿದ್ವಾಂಸ ಇದನ್ನೆಲ್ಲ ಕಣ್ಣಾರೆ ನೋಡಿ ಬರೆದಿಟ್ಟು, ಚಿತ್ರವನ್ನೂ ಬಿಡಿಸಿದ. ಅವನಿಲ್ಲದಿದ್ದರೆ ಯಾವ ಕಲ್ಲು ಎಲ್ಲಿತ್ತು ಅನ್ನುವುದೇ ತಿಳಿಯುತ್ತಿರಲಿಲ್ಲ.

ಒಡೆದ ತುಂಡುಗಳು ಊರಿನ ಗೋಡೆಗೆ ಹೋದವು. ನಡೆಯುವಾಗ ಮನೆ, ಕಾಂಪೌಂಡುಗಳ ಬುಡ ನೋಡಿ: ಇಟ್ಟಿಗೆಯ ನಡುವೆ ಬೂದುಬಣ್ಣದ, ಒಮ್ಮೊಮ್ಮೆ ಒಂದು ಮುಖ ಬೆಂಕಿಗೆ ಕೆಂಪೇರಿದ ದಪ್ಪ ಕಲ್ಲು. ಅದೇ ಸಾರ್ಸನ್. ಮನೆಗೆ ಅಂಥ ಒಳ್ಳೆಯ ಕಲ್ಲೇನಲ್ಲ. ತುಂಬ ಸಾಂದ್ರ, ಸದಾ ತಣ್ಣಗೆ, ಒಳಗಿನ ಬಿಸಿ ಗಾಳಿ ತಾಗಿದರೆ ಗೋಡೆ ಬೆವರುತ್ತದೆ. ಬಾಗಿಲು, ಕಿಟಕಿಯ ಅಂಚಿಗೆ ಇಟ್ಟಿಗೆ ಸೇರಿಸಿರುವುದೂ ಕಾಣುತ್ತದೆ: ಸಾರ್ಸನ್‌ನಲ್ಲಿ ನೇರ ಅಂಚು ಎಬ್ಬಿಸುವುದು ಪರದಾಟ.

ಈಗ ನಿಂತಿರುವುದರಲ್ಲಿ ಬಹುಪಾಲು ಕಲ್ಲು ಮತ್ತೆ ಎಬ್ಬಿಸಿದವು. ಸ್ಕಾಟ್ಲೆಂಡಿನ ಡಂಡಿ ಊರಿನ, ಮಾರ್ಮಲೇಡ್ (ಕಿತ್ತಳೆ ಜಾಮು) ಮಾಡುವ ಮನೆತನದ ಅಲೆಕ್ಸಾಂಡರ್ ಕೀಲರ್ 1937ರಲ್ಲಿ ವಾಯುವ್ಯ ಭಾಗ, 1938ರಲ್ಲಿ ನೈಋತ್ಯ, 1939ರಲ್ಲಿ ಆಗ್ನೇಯ ಭಾಗ ಅಗೆಸಿ, ಹೂತ ಕಲ್ಲುಗಳನ್ನು ನಿಲ್ಲಿಸಿದ. ಒಡೆದುಹೋದವುಗಳ ಜಾಗದಲ್ಲಿ ಕಾಂಕ್ರೀಟ್ ಗುರುತುಗಂಬ ನೆಟ್ಟ. ಮೋಟುಗಂಬ ಕಂಡಲ್ಲೆಲ್ಲ 'ಇಲ್ಲೊಂದು ಇತ್ತು' ಅಂತ ಓದಿಕೊಳ್ಳಿ. ಈ ಕೆಲಸಕ್ಕೆ ಅಡ್ಡವಾದ ಮನೆಗಳನ್ನೂ ಕೆಡವಿಸಿದ, ಅದನ್ನು ಊರು ಬೇಗ ಮರೆಯಲಿಲ್ಲ. 1943ರಲ್ಲಿ 12,000 ಪೌಂಡಿಗೆ ನ್ಯಾಷನಲ್ ಟ್ರಸ್ಟ್‌ಗೆ ಮಾರಿದ.

ಅಮ್ಮನಿಗೆ ನೈಋತ್ಯ ಭಾಗ ಸಾಕು: ಸಮತಟ್ಟು, ಕಲ್ಲಿನ ಸಾಲು ಹೆಚ್ಚು ತುಂಬಿದೆ, ಅಂಗಳದಿಂದ ಹತ್ತಿರ. ಕಂದಕದ ಅಂಚಿನ ಮಣ್ಣಿನ ದಿಣ್ಣೆಯ ಮೇಲೆ ಹತ್ತಿಸಬೇಡಿ. ಅಲ್ಲಿರುವ 'ಕ್ಷೌರಿಕನ ಕಲ್ಲು' ತೋರಿಸಿ. 1938ರಲ್ಲಿ ಅದನ್ನೆತ್ತಿದಾಗ ಅಡಿಯಲ್ಲಿ ಒಬ್ಬ ಗಂಡಸಿನ ಅಸ್ಥಿಪಂಜರ, ಜೊತೆಗೆ ಕತ್ತರಿ, 1320ರ ಸುಮಾರಿನ ಬೆಳ್ಳಿನಾಣ್ಯ ಸಿಕ್ಕವು. ಹೂಳುವಾಗ ಕಲ್ಲು ಮೈಮೇಲೆ ಬಿದ್ದು ಸತ್ತ ಅಲೆಮಾರಿ ಕ್ಷೌರಿಕ. ನೀವು ಮಾತ್ರ ರಸ್ತೆ ದಾಟಿ ಈಶಾನ್ಯದ 'ಕೋವ್' ಎಂಬ ಕಲ್ಲುಗುಂಪು ನೋಡಿಬನ್ನಿ. ಉಳಿದ ಎರಡು ಕಲ್ಲಿನಲ್ಲಿ ದೊಡ್ಡದು ಸುಮಾರು 100 ಟನ್, ನೆಲದೊಳಗೇ 3 ಮೀಟರ್ ಇದೆ.

ಕಲ್ಲಿಗೆ ಕುಂಕುಮ–ಅರಿಸಿನ ಹಚ್ಚಬೇಡಿ, ದೀಪ ಇಡಬೇಡಿ, ಎಷ್ಟು ಭಕ್ತಿ ಬಂದರೂ. ಮೈಮೇಲಿನ ಕಲ್ಲುಹೂವು ಬೆಳೆಯಲು ದಶಕಗಳು ಬೇಕು. ಸಮಾಧಿದಿಣ್ಣೆಯೊಳಗೆ ಪುಟ್ಟ ಮೇಣದಬತ್ತಿ ಹಚ್ಚಿಟ್ಟು ಹೋಗುವವರಿಂದ ಮಸಿ ಹಿಡಿದು ಕಲ್ಲು ಬಿರಿಯುತ್ತದೆ.

ಗಂಟೆಗೋಪುರ

ಹಳೇಗಲ್ಲು ಅವರೇ, ಕ್ಷೌರಿಕನ ಕಥೆಗೆ ತಿದ್ದುಪಡಿ. ಆ ಅಸ್ಥಿಪಂಜರ 1941ರ ಬಾಂಬ್ ದಾಳಿಯಲ್ಲಿ ಲಂಡನ್ನಿನಲ್ಲಿ ನಾಶವಾಯಿತು ಎಂದೇ ನಂಬಿದ್ದರು. 1990ರ ದಶಕದ ಕೊನೆಗೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಸಿಕ್ಕಿತು. ಮತ್ತೆ ಪರೀಕ್ಷಿಸಿದಾಗ ಕಲ್ಲಿನಡಿ ಜಜ್ಜಿಹೋದ ಗುರುತು ಎಲುಬಿನ ಮೇಲೆ ಇರಲಿಲ್ಲ. ಸತ್ತವನನ್ನೇ ಆ ಗುಂಡಿಯಲ್ಲಿ ಇಟ್ಟಿರಬಹುದು. ಕಲ್ಲು ಬಿದ್ದು ಸತ್ತ ಅನ್ನುವುದನ್ನು ಪ್ರವಾಸಿಗಳು ಬಿಡಲೊಲ್ಲರು, ಅಷ್ಟೆ.

ಚರ್ಚಿನ ವಿಷಯ. ಸಂತ ಜೇಮ್ಸರ ಚರ್ಚು ಸುತ್ತಿನ ಆಚೆಗಿದೆ, ಕಂದಕದಿಂದ ಸ್ವಲ್ಪ ಪಶ್ಚಿಮಕ್ಕೆ. ಅಂಗಳದಿಂದ ಎರಡು ನಿಮಿಷ, ಸಮತಟ್ಟು ದಾರಿ. ಸಾಮಾನ್ಯವಾಗಿ ಹಗಲು ತೆರೆದಿರುತ್ತದೆ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇದ್ದರೆ ಮುಗಿಯುವವರೆಗೆ ಕಾಯಿರಿ.

ಹೊಸಬರು ಎಡವುವುದು ಬಾಗಿಲಲ್ಲೇ. ಹಳ್ಳಿ ಚರ್ಚುಗಳ ಓಕ್ ಬಾಗಿಲಿಗೆ ಹಿಡಿಯ ಬದಲು ಕಬ್ಬಿಣದ ಬಳೆ ಇರುತ್ತದೆ. ತಳ್ಳಿ ನೋಡಿ, ಅಲುಗಲಿಲ್ಲ ಅಂತ ಬೀಗ ಹಾಕಿದೆ ಅಂದುಕೊಂಡು ಅರ್ಧ ಜನ ವಾಪಸು ಹೋಗುತ್ತಾರೆ. ಬಳೆಯನ್ನು ಪೂರ್ತಿ ತಿರುಗಿಸಿ; ಒಳಗಡೆ ಅಗುಳಿ ಮೇಲೆದ್ದು 'ಟಕ್' ಅನ್ನುತ್ತದೆ; ಆಮೇಲೆ ಭುಜ ಕೊಟ್ಟು ತಳ್ಳಿ. ಒಂದು ಕಡೆಗೆ ತಿರುಗದಿದ್ದರೆ ಇನ್ನೊಂದು ಕಡೆಗೆ. ಹೊರಬಾಗಿಲಲ್ಲಿ ತಂತಿಜಾಲರಿಯ ಬಾಗಿಲು ಕಂಡರೆ ಹೋಗುವಾಗ, ಬರುವಾಗ ಮುಚ್ಚಲೇಬೇಕು. ಕವಲುಬಾಲದ ಹಕ್ಕಿ ಒಳಗೆ ಸೇರಿಕೊಂಡರೆ ಹೊರಬರಲಾರದೆ ಸಾಯುತ್ತದೆ. ಚಪ್ಪಲಿ ಬಿಡಬೇಕಿಲ್ಲ, ಗಂಡಸರು ಟೋಪಿ ತೆಗೆಯಬೇಕು. ಫೋಟೊಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹುಂಡಿಗೆ ಏನಾದರೂ ಹಾಕಿ; ಛಾವಣಿ ರಿಪೇರಿ ಎಲ್ಲ ಆ ಊರಿನ ನಾಲ್ಕು ಜನರ ತಲೆಯ ಮೇಲೇ ಇರುತ್ತದೆ.

ಒಳಗಿನ ಮೂರು ನೋಡಿ. ನಮ್ಮ ನವರಂಗದ ಹಾಗೆ ಜನ ಕೂರುವ ನಡುಭಾಗ ಸುಮಾರು ಸಾವಿರ ವರ್ಷದ್ದು, ನಾರ್ಮನ್ನರು ಬರುವ ಮೊದಲಿನದು. ಕತ್ತೆತ್ತಿ ಗೋಡೆಯ ಮೇಲ್ಭಾಗ ನೋಡಿದರೆ ಪುಟ್ಟ ದುಂಡು ಕಿಟಕಿಗಳು ಕಾಣುತ್ತವೆ. ಅಂಥವು ಈ ದೇಶದಲ್ಲಿ ಅಪರೂಪ.

ಎರಡನೆಯದು ಜ್ಞಾನಸ್ನಾನದ ಕಲ್ಲುತೊಟ್ಟಿ. ಅಮ್ಮನನ್ನು ಬೆಂಚಿನಲ್ಲಿ ಕೂರಿಸಿ ನೀವು ಮೊಣಕಾಲೂರಿ ಹತ್ತಿರದಿಂದ ನೋಡಿ. ಹಂಡೆಯ ಆಕಾರ. ಕೆಳಗೆ ಒಂದರೊಳಗೊಂದು ಹೆಣೆದ ಕಮಾನುಸಾಲು, ಮೇಲೆ ದಂಡ ಹಿಡಿದ ಬಿಷಪ್, ಅವನ ಎರಡೂ ಬದಿಗೆ ಬಾಲ ಸುರುಳಿ ಸುತ್ತಿಕೊಂಡ ಸರ್ಪ. ಒಂದು ಅವನ ಕಾಲಿಗೇ ಬಾಯಿ ಹಾಕಿದೆ. ಹೊರಗೆ ಸುತ್ತಲೂ ಕಲ್ಲು ನಿಂತಿರುವ ಊರಲ್ಲಿ ಪಾದ್ರಿ ಸರ್ಪವನ್ನು ತಿವಿಯುವ ಚಿತ್ರ ಯಾರನ್ನು ಕುರಿತು ಅಂತ ವಾದಿಸುವವರಿದ್ದಾರೆ. ನನಗೆ ಅದು ಅತಿಯಾಯಿತು ಅನಿಸುತ್ತದೆ. ಇಂಥ ಸರ್ಪ 12ನೇ ಶತಮಾನದ ತೊಟ್ಟಿಗಳ ಮೇಲೆ ಬೇರೆಡೆಯೂ ಉಂಟು.

ಮೂರನೆಯದೇ ಮುಖ್ಯ: ನಡುಭಾಗಕ್ಕೂ ಒಳಗಿನ ಪೂಜಾಸ್ಥಳಕ್ಕೂ ನಡುವೆ, ಎತ್ತರದಲ್ಲಿ ಮರದ ಅಟ್ಟ. ಅದರ ಮೇಲೆ ಶಿಲುಬೆ, ಪಕ್ಕಕ್ಕೆ ಮೇರಿ, ಯೋಹಾನರ ವಿಗ್ರಹ ಇರುತ್ತಿದ್ದವು. ಹಳೇ ಪದ್ಧತಿಯ ಎಲ್ಲ ಚರ್ಚಿನಲ್ಲೂ ಇತ್ತು. 16ನೇ ಶತಮಾನದ ಮತಸುಧಾರಣೆಯಲ್ಲಿ (ಇಂಗ್ಲೆಂಡ್ ಕ್ಯಾಥೊಲಿಕ್ ಪದ್ಧತಿ ಬಿಟ್ಟಾಗ) ವಿಗ್ರಹ ಹೋದವು, 1561ರಲ್ಲಿ ಅಟ್ಟವನ್ನೂ ಇಳಿಸಿ ಎಂದು ಎಲಿಜಬೆತ್ ರಾಣಿಯ ಅಪ್ಪಣೆಯಾಯಿತು. ಅದಕ್ಕೇ ಇಂಗ್ಲೆಂಡಿನಲ್ಲಿ ಕೆಳಗಿನ ಜಾಲರಿಗೋಡೆ ಬೇಕಾದಷ್ಟು ಕಡೆ ಉಳಿದಿದೆ, ಅಟ್ಟ ಮಾತ್ರ ಬೆರಳೆಣಿಕೆ. ಏವ್‌ಬರಿಯವರು 15ನೇ ಶತಮಾನದ ಅಟ್ಟದ ಮುಂಭಾಗವನ್ನು ಒಡೆಯಲಿಲ್ಲ, ಮರದ ಪಟ್ಟಿ ಹೊಡೆದು ಗಾರೆ ಮೆತ್ತಿ ಗೋಡೆಯ ಹಾಗೆ ಮುಚ್ಚಿಬಿಟ್ಟರು. 1810ರಲ್ಲಿ ಗಾರೆ ಕಿತ್ತಾಗ ಹೊರಬಂತು. ಕಲ್ಲನ್ನು ಮಣ್ಣಲ್ಲಿ, ಅಟ್ಟವನ್ನು ಗಾರೆಯಲ್ಲಿ ಹೂತಿಟ್ಟ ಊರು. ಕೆಳಗಿನ ಜಾಲರಿ ಈಚಿನದು, ಎರಡನ್ನೂ ಒಂದೇ ಕಾಲದ್ದು ಅಂದುಕೊಳ್ಳಬೇಡಿ.

ಅರ್ಧಪೈಂಟು

ಪಬ್ಬಿನ ಪಾಲು ನನ್ನದು. ರೆಡ್ ಲಯನ್ 17ನೇ ಶತಮಾನದ ಹುಲ್ಲುಮಾಡಿನ ಕಟ್ಟಡ, ಮೊದಲು ತೋಟದ ಮನೆ, ಪಬ್ಬಾದದ್ದು ಆಮೇಲೆ. ಕಲ್ಲಿನ ಸುತ್ತಿನೊಳಗೇ ಇರುವ ಜಗತ್ತಿನ ಏಕೈಕ ಪಬ್ಬು ಎಂದು ಹೇಳಿಕೊಳ್ಳುತ್ತದೆ. ಒಳಗೆ ಹಳೇ ಬಾವಿಯೊಂದಿದೆ. ಬಾಯಿಗೆ ಗಾಜು ಮುಚ್ಚಿ ಮೇಜಾಗಿ ಮಾಡಿದ್ದಾರೆ, ಒಳಗೆ ದೀಪ. ಅಪ್ಪನಿಗೆ ಕಲ್ಲಿಗಿಂತ ಇದು ಹಿಡಿಸಿದರೂ ಹಿಡಿಸಬಹುದು. ಎದುರಿಗೇ ಎ4361 ಚೂಪಾಗಿ ತಿರುಗುತ್ತದೆ, ಬರುವ ಗಾಡಿ ಕಾಣುವುದಿಲ್ಲ. ಅಮ್ಮನನ್ನು ದಾಟಿಸುವುದಿದ್ದರೆ ತಿರುವಿನಿಂದ ಸ್ವಲ್ಪ ದೂರ ಹೋಗಿ ದಾಟಿಸಿ.

ಊಟ: ಯಾವ ಹಳ್ಳಿ ಪಬ್ಬಾದರೂ ಇಷ್ಟು ನೆನಪಿರಲಿ. ಪಟ್ಟಿಯಲ್ಲಿ 'ವಿ' ಅಂದರೆ ಸಸ್ಯಾಹಾರ, ಆದರೆ ಮೊಟ್ಟೆ ಇರಬಹುದು. ನಿಮಗೆ ಬೇಕಾದದ್ದು 'ವೀಗನ್' ಗುರುತು. ಹಾಲು–ಚೀಸ್ ಅಮ್ಮನಿಗೆ ಆಗುತ್ತದೆ ಅಂದರೂ ಮೊದಲು ಅದನ್ನೇ ನೋಡಿ. ಸಿಕ್ಕಿಬೀಳುವ ಜಾಗಗಳು: ಯಾರ್ಕ್‌ಶರ್ ಪುಡಿಂಗ್‌ನಲ್ಲಿ ಮೊಟ್ಟೆ, ಗ್ರೇವಿ ಎಂದರೆ ಕೇಳದ ಹೊರತು ಮಾಂಸದ ರಸ, ಹುರಿದ ಆಲೂಗಡ್ಡೆಗೆ ದನದ ಅಥವಾ ಬಾತಿನ ಕೊಬ್ಬು ಬಳಸುವುದುಂಟು, ಚಿಪ್ಸ್ ಕರಿದ ಎಣ್ಣೆಯಲ್ಲೇ ಮೀನೂ ಕರಿದಿರಬಹುದು, ವೂಸ್ಟರ್ ಸಾಸ್‌ನಲ್ಲಿ ಆಂಚೊವಿ ಮೀನು. "ಫ್ರೈಯರ್ ಬೇರೆ ಇದೆಯೇ?" ಎಂದು ಬಾರಿನಲ್ಲಿ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಏನೂ ಹೊಂದದಿದ್ದರೆ ಸಿಪ್ಪೆಯ ಸಮೇತ ಬೇಯಿಸಿದ ಆಲೂಗಡ್ಡೆ, ಬೆಣ್ಣೆ, ಬೀನ್ಸ್. ಇಲ್ಲವೇ ಅಂಗಳದ ಕೆಫೆ. ಮನೆಯ ಚಪಾತಿ ಬುತ್ತಿ ಕಟ್ಟಿದರೆ ಹುಲ್ಲಿನ ಮೇಲೆ ಕೂತು ತಿನ್ನಿ, ಪಬ್ಬಿನ ಬೆಂಚಿನಲ್ಲಿ ಬಿಚ್ಚಬೇಡಿ.

ಮೇಜಿನಲ್ಲಿ ಕೂತು ಕಾಯಬೇಡಿ, ಯಾರೂ ಬರುವುದಿಲ್ಲ. ಮೇಜಿನ ನಂಬರ್ ನೋಡಿಕೊಂಡು ಬಾರಿಗೆ ಹೋಗಿ ಹೇಳಿ, ಅಲ್ಲೇ ದುಡ್ಡು ಕೊಡಿ. ಅನೇಕ ಕಡೆ ಅಡುಗೆಮನೆ ಮಧ್ಯಾಹ್ನ ಎರಡೂವರೆ–ಮೂರಕ್ಕೆ ಮುಚ್ಚಿ ಸಂಜೆ ತೆರೆಯುತ್ತದೆ, ಆದ್ದರಿಂದ ಹನ್ನೆರಡಕ್ಕೇ ಊಟಕ್ಕೆ ಕೂರುವುದು ಜಾಣತನ. ಭಾನುವಾರವಾದರೆ ಮೊದಲೇ ಮೇಜು ಕಾದಿರಿಸಿ.

ಕುಡಿಯುವವರಿಗೆ: ಕೈಪಂಪಿನಿಂದ ಎಳೆದು ಕೊಡುವ ಕ್ಯಾಸ್ಕ್ ಏಲ್ (ಪೀಪಾಯಿಯ ಬಿಯರ್) 11–13 ಡಿಗ್ರಿಯಲ್ಲಿರಬೇಕು. ಅದು ಕೆಟ್ಟು ಬೆಚ್ಚಗಾದದ್ದಲ್ಲ. ಹುಳಿ ವಿನೆಗರ್ ವಾಸನೆ ಬಂದರೆ ಮಾತ್ರ ಕೆಟ್ಟದ್ದು, ವಾಪಸು ಕೊಟ್ಟರೆ ಬದಲಿಸುತ್ತಾರೆ. ಶುದ್ಧ ಸಸ್ಯಾಹಾರಿಗಳಿಗೆ ಒಂದು ಸುದ್ದಿ: ಇಂಥ ಏಲನ್ನು ತಿಳಿಯಾಗಿಸಲು ಹಿಂದಿನಿಂದ ಬಳಸುವುದು ಮೀನಿನ ಗಾಳಿಚೀಲದ ಅಂಟು. ಹಾಗಿಲ್ಲದ್ದೂ ಸಿಗುತ್ತದೆ, ಕೇಳಿ. ಪೈಂಟ್ ಅಂದರೆ 568 ಮಿ.ಲೀ. ಕಾರು ನಿಮ್ಮದೇ ಆದರೆ ಲೈಮ್–ಸೋಡ ಸಾಕು.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಊಟವಾದ ಮೇಲೆ ಅವರಿಬ್ಬರೂ ಕೆಫೆಯಲ್ಲಿ ಕೂತರೆ ನನಗೆ ಒಂದೂವರೆ ಗಂಟೆ ಸಿಗುತ್ತದೆ. ಸಮಾಧಿದಿಣ್ಣೆಗೆ ನಡೆದೇ ಹೋಗಿಬರಬಹುದೆ?

ಕೆಂಪುಮಣ್ಣು

ಊರಿಂದ ಹೊಳೆಯ ಪಕ್ಕದಲ್ಲೇ ಸಿಲ್ಬರಿಯ ಪೂರ್ವಕ್ಕೆ ಕಾಲುದಾರಿ ಇದೆ. ದಿಣ್ಣೆಗೆ ಒಂದು ಕಡೆಗೆ ಎರಡೂವರೆ ಕಿ.ಮೀ. ಹೋಗಿ, ನೋಡಿ, ಅದೇ ದಾರಿಯಲ್ಲಿ ಬಂದರೆ ಒಂದೂವರೆ ಗಂಟೆಗೆ ಬಿಗಿಯಾಗಿ ಆಗುತ್ತದೆ. ಎ4 ದಾಟುವಾಗ ಎಚ್ಚರ, ಅಲ್ಲಿ ಗಾಡಿಗಳು ನುಗ್ಗುತ್ತವೆ. ಫೆಬ್ರವರಿ–ಮಾರ್ಚಿನಲ್ಲಾದರೆ ಈ ದಾರಿ ನೀರಲ್ಲಿ ಮುಳುಗಿರಬಹುದು. ಆಗ ಕಾರಿನಲ್ಲಿ ಲೇಬೈಗೇ ಹೋಗಿ. ಸ್ಯಾಂಕ್ಚುರಿ, ರಿಜ್‌ವೇ ಎಂಬ ಹಳೇ ಕಾಲುದಾರಿ ಸೇರಿಸಿ ಸುತ್ತುಹಾಕಿದರೆ 10 ಕಿ.ಮೀ. ಆಗುತ್ತದೆ, ಈ ಸಲ ಬೇಡ. ಸ್ಯಾಂಕ್ಚುರಿಯಲ್ಲಿ ಈಗ ಇರುವುದು ಕಂಬ, ಕಲ್ಲಿನ ಗುಣಿ ತೋರಿಸುವ ಕಾಂಕ್ರೀಟ್ ಗುರುತುಗಳು ಮಾತ್ರ.

ದಿಣ್ಣೆ 100 ಮೀಟರ್ ಉದ್ದವಿದ್ದರೂ ಒಳಹೋಗಲು ಆಗುವುದು ಪೂರ್ವ ತುದಿಯ ಐದು ಕೋಣೆಗಳಿಗೆ. ಬಾಗಿಲಿನಂತೆ ಅಡ್ಡ ನಿಂತ ದೊಡ್ಡ ಕಲ್ಲಿನ ಹಿಂದೆ ನುಸುಳಿ ಹೋಗಬೇಕು, ಒಳಗೆ ನೆಟ್ಟಗೆ ನಿಲ್ಲಬಹುದು. ಟಾರ್ಚ್ ಒಯ್ಯಿರಿ. ಕನಿಷ್ಠ 36 ಜನರ ಎಲುಬು ಸಿಕ್ಕ ಜಾಗ, ಕ್ರಿ.ಪೂ. 3650ರ ಸುಮಾರಿನದು. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಕಲ್ಮನೆಗಳಿಗಿಂತ ಎರಡೂವರೆ ಸಾವಿರ ವರ್ಷಕ್ಕೂ ಹೆಚ್ಚು ಹಳತು.

ಹಳೇಗಲ್ಲು

ಕ್ಷೌರಿಕನ ಬಗ್ಗೆ ತಿದ್ದಿದ್ದಕ್ಕೆ ಗಂಟೆಗೋಪುರ ಅವರಿಗೆ ಥ್ಯಾಂಕ್ಸ್. ದಿಣ್ಣೆಯೊಳಗೆ ಹೋದಾಗ ಒಂದು ಕಲ್ಲಿನ ಮೇಲೆ ಕೈಯಾಡಿಸಿ ಹುಡುಕಿ: ಒರಳುಕಲ್ಲಿನ ಒಳಮೈಯಷ್ಟು ನುಣುಪಾದ ಒಂದು ತಗ್ಗು ಸಿಗುತ್ತದೆ. ಕಲ್ಲುಕೊಡಲಿ ಉಜ್ಜಿ ಮಸೆದ ಜಾಗ, ದಿಣ್ಣೆ ಕಟ್ಟುವುದಕ್ಕಿಂತ ಮೊದಲಿನದು.